ಕಡ್ಡಿ ಬಿಡದ ಗಾಜಿನ ಮಣಿ: ಲಕ್ಷಣ ನೋಡಿ ಬಿಡಿಸುವ ಬಗೆ

ಗಾಜು ಕರಗಿಸುವ ಗ್ಯಾಸ್ ಜ್ವಾಲೆಯ ಟಾರ್ಚ್ ಮುಂದೆ ಎರಡು ಗಂಟೆ ಕೂತು ಮಾಡಿದ ಮಣಿ. ರಾತ್ರಿಯಿಡೀ ಕಿಲ್ನ್‌ನಲ್ಲಿ, ಅಂದರೆ ಗಾಜಿನ ಕುಲುಮೆಯಲ್ಲಿ, ತಣಿದಿದೆ. ಬೆಳಿಗ್ಗೆ ಎತ್ತಿ ನೋಡಿದರೆ ಬಣ್ಣ, ಆಕಾರ ಎಲ್ಲ ಅಂದುಕೊಂಡ ಹಾಗೇ ಬಂದಿದೆ. ಆದರೆ ಕಡ್ಡಿ ಬಿಡುತ್ತಿಲ್ಲ. ಆಗ ಯಾರೇ ಆದರೂ ಮೊದಲು ಮಾಡುವುದು ಇನ್ನೂ ಜೋರಾಗಿ ಎಳೆಯುವುದು. ನಾನೂ ಹಾಗೆ ಎಳೆದು ಒಂದಷ್ಟು ಮಣಿ ಒಡೆದಿದ್ದೇನೆ, ಅದಕ್ಕಿಂತ ಜಾಸ್ತಿ ಕಡ್ಡಿ ಬಗ್ಗಿಸಿದ್ದೇನೆ, ಒಮ್ಮೆ ಅಂಗೈ ಕುಯ್ದುಕೊಂಡಿದ್ದೇನೆ.

ಇಷ್ಟು ಆದಮೇಲೆ ಗೊತ್ತಾಗಿದ್ದು ಏನೆಂದರೆ, ತೆಳು ಕಡ್ಡಿಯಲ್ಲಿ ಸಿಕ್ಕಿಕೊಂಡ ಮಣಿಗಳಲ್ಲಿ ಬಹಳಷ್ಟು ನಿಜವಾಗಿ ಅಂಟಿಕೊಂಡಿರುವುದೇ ಇಲ್ಲ. ನಮ್ಮ ಹಿಡಿತ ಸರಿ ಇರುವುದಿಲ್ಲ, ಇಲ್ಲವೇ ನೀರು ಇನ್ನೂ ಒಳಗೆ ಹೋಗಿರುವುದಿಲ್ಲ. ಅಂಟಿದ್ದು ಯಾವುದು, ಸುಮ್ನೆ ಹಠ ಮಾಡುತ್ತಿರುವುದು ಯಾವುದು ಅಂತ ಬಲ ಹಾಕುವ ಮೊದಲೇ ತಿಳಿದುಕೊಳ್ಳಬಹುದು.

ಇಲ್ಲಿ ಕಡ್ಡಿ ಅಂದರೆ ಮ್ಯಾಂಡ್ರೆಲ್, ಕರಗಿದ ಗಾಜನ್ನು ಸುತ್ತುವ ಸ್ಟೇನ್‌ಲೆಸ್ ಸ್ಟೀಲ್ ಸರಳು. ಲೇಪ ಅಂದರೆ ಬೀಡ್ ರಿಲೀಸ್, ಗಾಜು ಉಕ್ಕಿಗೆ ತಾಗದ ಹಾಗೆ ಕಡ್ಡಿಗೆ ಬಳಿಯುವ ಜೇಡಿಯಂಥ ವಸ್ತು. ತೆಳು ಕಡ್ಡಿ ಅಂದಾಗ 1 ಮಿಲಿಮೀಟರ್‌ನಿಂದ 1.6 ಮಿಲಿಮೀಟರ್‌ವರೆಗಿನದು ಅಂತಿಟ್ಟುಕೊಳ್ಳಿ. ಎಲ್ಲರೂ ಕಲಿಯುವಾಗ ಹಿಡಿಯುವ 2.4 ಮಿಲಿಮೀಟರ್ ಕಡ್ಡಿ ಇಷ್ಟು ಕಾಟ ಕೊಡುವುದಿಲ್ಲ.

ತೆಳು ಕಡ್ಡಿಯೇ ಯಾಕೆ ಕಾಟ ಕೊಡುತ್ತದೆ

ತಣಿಯುವಾಗ ಗಾಜೂ ಕುಗ್ಗುತ್ತದೆ, ಉಕ್ಕೂ ಕುಗ್ಗುತ್ತದೆ. ಆದರೆ ಉಕ್ಕು ಜಾಸ್ತಿ ಕುಗ್ಗುತ್ತದೆ. ಹಾಗಾಗಿ ಕಡ್ಡಿ ತಾನಾಗಿಯೇ ಮಣಿಯ ತೂತಿನ ಗೋಡೆಯಿಂದ ಒಂಚೂರು ಹಿಂದೆ ಸರಿಯುತ್ತದೆ. ಎಷ್ಟು ಅಂದರೆ, 1.6 ಮಿಲಿಮೀಟರ್ ಕಡ್ಡಿಗೆ ಮೆದು ಗಾಜಿನ (ಕಡಿಮೆ ಬಿಸಿಗೇ ಕರಗುವ ಗಾಜಿನ) ಮಣಿ ಹಾಕಿ 500 ಡಿಗ್ರಿಯಿಂದ ತಣಿಸಿದರೆ ಸಿಗುವ ಸಂದು ಸುಮಾರು 0.005 ಮಿಲಿಮೀಟರ್. ಮಿಲಿಮೀಟರಿನ ಇನ್ನೂರರಲ್ಲಿ ಒಂದು ಪಾಲು. ಕಡ್ಡಿ 1 ಮಿಲಿಮೀಟರ್ ಇದ್ದರೆ ಇನ್ನೂ ಕಡಿಮೆ. ಉಳಿದ ಕೆಲಸವೆಲ್ಲ ಲೇಪದ್ದು. ಅದು ಪುಡಿಯಾದರೆ ಮಣಿ ಬಿಡುತ್ತದೆ, ಪುಡಿಯಾಗದಿದ್ದರೆ ಬಿಡುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಕಡ್ಡಿಯ ದಪ್ಪ ಅರ್ಧವಾದರೆ ತಿರುಚುವಿಕೆಯನ್ನು ತಡೆಯುವ ಅದರ ಶಕ್ತಿ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ 2.4 ಮಿಲಿಮೀಟರ್ ಕಡ್ಡಿಯಲ್ಲಿ ಲೇಪ ಮುರಿಯಲು ಹಾಕುವ ಅದೇ ಬಲವನ್ನು 1.2 ಮಿಲಿಮೀಟರ್ ಕಡ್ಡಿಗೆ ಹಾಕಿದರೆ ಲೇಪ ಮುರಿಯುವ ಮೊದಲೇ ಕಡ್ಡಿ ತಿರುಚಿಕೊಂಡು ಹೋಗುತ್ತದೆ. ಈ ಮಾತು ಮುಂದೆ ಮತ್ತೆ ಮತ್ತೆ ಬರುತ್ತದೆ.

ಕೈ ಹಾಕುವ ಮೊದಲು

ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮಣಿ ಒಡೆದರೆ ಚೂರು ಯಾವ ಕಡೆ ಹಾರುತ್ತದೋ ಹೇಳಲಾಗದು. ಮಣಿ ಹಿಡಿಯುವ ಕೈಗೆ ದಪ್ಪ ಗ್ಲೌಸ್ ಅಥವಾ ಚರ್ಮದ ತುಂಡು ಇರಲಿ. ಬರಿಗೈಯಲ್ಲಿ ಮಣಿಯನ್ನು ಮುಷ್ಟಿ ಕಟ್ಟಿ ತಿರುಗಿಸಬೇಡಿ. ಒಡೆಯುವ ಮಣಿ ಮುಷ್ಟಿಯೊಳಗೇ ಒಡೆಯುತ್ತದೆ. ನನ್ನ ಅಂಗೈ ಕುಯ್ದದ್ದು ಹಾಗೇ.

ಎರಡನೆಯದು, ಮಣಿ ಕಿಲ್ನ್‌ನಲ್ಲಿ ಸರಿಯಾಗಿ ಅನೀಲ್ ಆಗಿದೆಯೇ, ಅಂದರೆ ಒಳಗಿನ ಬಿಗಿತ ಹೋಗುವ ಹಾಗೆ ನಿಧಾನವಾಗಿ ತಣಿದಿದೆಯೇ ಎಂಬ ಪ್ರಶ್ನೆ. ಬರೀ ಫೈಬರ್ ಹೊದಿಕೆಯಲ್ಲೋ ವರ್ಮಿಕ್ಯುಲೈಟ್‌ನಲ್ಲೋ ಹೂತು ತಣಿಸಿದ ಮಣಿಯೊಳಗೆ ಬಿಗಿತ ಉಳಿದಿರುತ್ತದೆ. ನೋಡಲು ಗಟ್ಟಿ, ತಿರುಗಿಸಿದಾಗ ಎರಡು ಹೋಳು. ಅಂಥದ್ದನ್ನು ಕಡ್ಡಿ ಸಮೇತ ಮೊದಲು ಅನೀಲ್ ಮಾಡಿಬಿಡಿ. ಮೆದು ಗಾಜಿಗೆ 500ರಿಂದ 520 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಜಾಸ್ತಿ ಬಿಸಿ ಬೇಡುವ ಬೋರೋಸಿಲಿಕೇಟ್ ಗಾಜಿಗೆ 565ರ ಆಸುಪಾಸು. ನಿಮ್ಮ ಗಾಜಿನ ತಯಾರಕರು ಬೇರೆ ಸಂಖ್ಯೆ ಕೊಟ್ಟಿದ್ದರೆ ಅದೇ ನಿಮಗೆ ಸರಿ. ಏರಿಸುವುದೂ ಇಳಿಸುವುದೂ ನಿಧಾನ. ಮಣಿಯನ್ನು ಈಗಾಗಲೇ ನೀರಲ್ಲಿ ಹಾಕಿದ್ದರೆ ಪೂರ್ತಿ ಒಣಗಿಸಿಯೇ ಕಿಲ್ನ್‌ಗೆ ಇಡಿ.

ಲಕ್ಷಣ 1: ಒಣ ಮಣಿ, ಕೂದಲೆಳೆಯಷ್ಟೂ ಅಲುಗುವುದಿಲ್ಲ

ಇದು ದೋಷವೇ ಅಲ್ಲ. ಇನ್ನೂ ನೀರು ಕುಡಿಸಿಲ್ಲ, ಅಷ್ಟೇ.

ಉದ್ದ ಲೋಟದಲ್ಲಿ ಕೋಣೆಯ ಉಷ್ಣತೆಯಷ್ಟೇ ಇರುವ ನೀರು ತುಂಬಿ, ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ. ಕಡ್ಡಿಯನ್ನು ಮಣಿ ಕೆಳಗೆ ಬರುವ ಹಾಗೆ ನಿಲ್ಲಿಸಿ. ಮಣಿಯ ಎರಡೂ ತುದಿ ಮುಳುಗಿರಬೇಕು. ಒಂದು ರಾತ್ರಿ ಬಿಡಿ. ಉದ್ದ ಮಣಿಯಾದರೆ ಒಂದು ದಿನ ಪೂರ್ತಿ.

ಲೇಪದಲ್ಲಿರುವ ಕೇಯೊಲಿನ್ ಜೇಡಿ, ಅಲ್ಯೂಮಿನಾ, ಇವು ನೀರಿನಲ್ಲಿ ಕರಗುವುದಿಲ್ಲ. ವಿನೆಗರ್‌ನಲ್ಲೂ ಕರಗುವುದಿಲ್ಲ, ಹಾಗಾಗಿ ಆ ಖರ್ಚು ಬೇಡ. ನೀರು ಮಾಡುವ ಕೆಲಸ ಬೇರೆ. ಲೇಪದ ಸಣ್ಣ ರಂಧ್ರಗಳಲ್ಲಿ ಇಳಿದು ಅದನ್ನು ಮೆತ್ತಗೆ ಮಾಡುತ್ತದೆ, ಜಾರಿಸುತ್ತದೆ, ಮತ್ತೆ ಪುಡಿ ಗಾಳಿಗೆ ಏಳದ ಹಾಗೆ ಹಿಡಿದಿಡುತ್ತದೆ. ಈ ಕೊನೆಯದು ಸಣ್ಣ ವಿಷಯ ಅಲ್ಲ. ಒಣ ಲೇಪದ ದೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ನಾನು ಒಣ ಮಣಿ ಬಿಡಿಸುವುದನ್ನೇ ನಿಲ್ಲಿಸಿದ್ದೇನೆ, ಸುಲಭವಾಗಿ ಬರುವಂತಿದ್ದರೂ.

ಬೇಗ ಆಗಲಿ ಅಂತ ಕುದಿಯುವ ನೀರಿಗೆ ಹಾಕಬೇಡಿ. ತಣ್ಣನೆ ಗಾಜಿಗೆ ಒಮ್ಮೆಲೇ ಬಿಸಿ ತಾಗಿದರೆ ಬಿರುಕು ಬಿಡುತ್ತದೆ.

ಲಕ್ಷಣ 2: ನೆನೆಸಿ ಆಯ್ತು, ಆದರೆ ಕೈ ಜಾರುತ್ತದೆ, ಕಡ್ಡಿ ಬೆರಳ ನಡುವೆ ಗಿರಗಿರ ತಿರುಗುತ್ತದೆ

ಮಣಿಗೆ ಬಲ ತಲುಪುತ್ತಲೇ ಇಲ್ಲ ಅಂತ ಇದರ ಅರ್ಥ. ತೆಳು ಕಡ್ಡಿಯನ್ನು ಬೆರಳಲ್ಲಿ ಹಿಡಿದು ಯಾರಿಂದಲೂ ತಿರುಗಿಸಲಾಗದು. ನಿಮ್ಮ ಕೈಬಲದ ಬಗ್ಗೆ ಬೇಜಾರು ಬೇಡ.

ಕಡ್ಡಿಯನ್ನು ಮೇಜಿಗೆ ಬಿಗಿದ ವೈಸ್‌ನಲ್ಲಿ ಹಿಡಿಸಿ. ವೈಸ್ ಇಲ್ಲದಿದ್ದರೆ ಲಾಕ್ ಆಗುವ ಪ್ಲೈಯರ್ ಸಾಕು. ಎಲ್ಲಿ ಹಿಡಿಯುತ್ತೀರಿ ಎಂಬುದೇ ಮುಖ್ಯ. ಮಣಿಯಿಂದ ಒಂದು ಸೆಂಟಿಮೀಟರ್ ದೂರದಲ್ಲಿ, ಅದಕ್ಕಿಂತ ದೂರ ಬೇಡ. ಕಡ್ಡಿಯ ಹಿಡಿಕೆ ತುದಿಯಲ್ಲಿ ಹಿಡಿದರೆ ನಡುವಿನ ಅಷ್ಟೂ ಉದ್ದ ಸ್ಪ್ರಿಂಗ್ ಆಗಿ ನಿಮ್ಮ ಬಲವನ್ನು ನುಂಗುತ್ತದೆ. ಪ್ಲೈಯರ್ ಗಾಜಿಗೆ ತಾಗದ ಹಾಗೆಯೂ ನೋಡಿಕೊಳ್ಳಿ. ಲೋಹದ ಹಲ್ಲು ಮಣಿಯ ಅಂಚಿಗೆ ಒಮ್ಮೆ ತಾಗಿದರೆ ಸಾಕು, ಚಕ್ಕೆ ಎದ್ದುಬಿಡುತ್ತದೆ.

ಇನ್ನು ಮಣಿಗೆ. ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿದ ಒಂದು ತುಂಡು ರಬ್ಬರ್ ನನ್ನ ಹತ್ತಿರ ವರ್ಷಗಳಿಂದ ಇದೆ. ಅದನ್ನು ಮಣಿಗೆ ಸುತ್ತಿ, ಅದರ ಮೇಲೆ ಗ್ಲೌಸ್ ಹಾಕಿದ ಕೈಯಲ್ಲಿ ಹಿಡಿಯುತ್ತೇನೆ. ರಬ್ಬರ್ ಮತ್ತು ಮಣಿಯ ಮೈ ಒಣಗಿರಬೇಕು, ಸೋಪಿನ ನೀರು ಒರೆಸಿರಬೇಕು. ಮಣಿಯೊಳಗಿನ ಲೇಪ ಮಾತ್ರ ಒದ್ದೆ.

ಈಗ ಎಳೆಯಬೇಡಿ. ಮೊದಲು ತಿರುಗಿಸಿ. ಎಡಕ್ಕೆ ಒಂಚೂರು, ಬಲಕ್ಕೆ ಒಂಚೂರು, ನಿಧಾನವಾಗಿ ಬಲ ಏರಿಸುತ್ತ. ಒಮ್ಮೆಲೇ ಜರ್ಕ್ ಕೊಡುವುದು ಬೇಡ. ಕೈ ಕಡ್ಡಿಯ ನೇರದಲ್ಲೇ ಇರಲಿ, ಮಣಿಯನ್ನು ಪಕ್ಕಕ್ಕೆ ಒತ್ತಿದರೆ ತೆಳು ಕಡ್ಡಿ ಮಣಿಯ ಬಾಯಲ್ಲೇ ಬಾಗುತ್ತದೆ. ಆಮೇಲೆ ಅದು ಇನ್ನೊಂದು ಕಥೆ.

ಲೇಪ ಬಿಟ್ಟಾಗ ಕೈಗೆ ಗೊತ್ತಾಗುತ್ತದೆ. ಮೊದಲು ಒಂದು ಸಣ್ಣ ಟಿಕ್, ಆಮೇಲೆ ಮರಳು ಅರೆದಂತೆ ಕಿರ್ ಕಿರ್. ಆ ಸದ್ದು ಕೇಳಿದರೆ ಕೆಲಸ ಮುಗಿದಂತೆ. ಇನ್ನೂ ನಾಲ್ಕು ಸಲ ಅತ್ತಿತ್ತ ತಿರುಗಿಸಿ, ತಿರುಗಿಸುತ್ತಲೇ ಹೊರಕ್ಕೆ ಜಾರಿಸಿ. ಕಡ್ಡಿಯ ಗಿಡ್ಡ ತುದಿಯ ಕಡೆಗೆ, ಅಂದರೆ ಮಣಿಗೆ ಹತ್ತಿರವಿರುವ ತುದಿಯ ಕಡೆಗೆ.

ಲಕ್ಷಣ 3: ತಿರುಗಿದ ಹಾಗೆ ಅನಿಸುತ್ತದೆ, ಕೈ ಬಿಟ್ಟರೆ ವಾಪಸ್ ಬರುತ್ತದೆ

ಹೆಚ್ಚಿನವರು ಮೋಸ ಹೋಗುವುದು ಇಲ್ಲಿ. ಮಣಿ ತಿರುಗುತ್ತಿಲ್ಲ, ಕಡ್ಡಿ ತಿರುಚಿಕೊಳ್ಳುತ್ತಿದೆ. ಕಿರ್ ಸದ್ದು ಇರುವುದಿಲ್ಲ, ರಬ್ಬರ್ ಎಳೆದ ಹಾಗೆ ಒಂಥರಾ ಮೆತ್ತನೆ ಇರುತ್ತದೆ.

ಒಂದು ಸುಲಭ ಪರೀಕ್ಷೆ ಇದೆ. ಮಾರ್ಕರ್ ಪೆನ್ ತೆಗೆದುಕೊಂಡು ಮಣಿಯ ಬಾಯಿಯ ಅಂಚಿನಲ್ಲಿ ಒಂದು ಚುಕ್ಕೆ, ಅದರ ಪಕ್ಕದಲ್ಲೇ ಕಡ್ಡಿಯ ಮೇಲೆ ಇನ್ನೊಂದು ಚುಕ್ಕೆ ಇಡಿ. ತಿರುಗಿಸಿ ನೋಡಿ. ಎರಡು ಚುಕ್ಕೆ ಬೇರೆಬೇರೆಯಾದರೆ ಮಣಿ ಬಿಟ್ಟಿದೆ. ಎರಡೂ ಜೊತೆಯಾಗಿಯೇ ಹೋಗಿ ಜೊತೆಯಾಗಿಯೇ ಬಂದರೆ ನೀವು ಕಡ್ಡಿಯನ್ನು ಹಿಂಡುತ್ತಿದ್ದೀರಿ. ಹತ್ತು ಸೆಕೆಂಡಿನ ಕೆಲಸ. ಇದನ್ನು ಮಾಡದೆ ಅರ್ಧ ಗಂಟೆ ಒದ್ದಾಡಿದ ದಿನಗಳು ನನಗೆ ನೆನಪಿವೆ.

ಚುಕ್ಕೆ ಜೊತೆಯಾಗಿ ಹೋಗುತ್ತಿದ್ದರೆ ಮೊದಲು ಹಿಡಿತವನ್ನು ಇನ್ನೂ ಹತ್ತಿರ ತನ್ನಿ, ಅರ್ಧ ಸೆಂಟಿಮೀಟರ್‌ವರೆಗೆ. ಮಣಿಯ ಇನ್ನೊಂದು ಬದಿಯಲ್ಲಿ ಕಡ್ಡಿ ಸಾಕಷ್ಟು ಹೊರಗಿದ್ದರೆ ಅಲ್ಲಿ ಹಿಡಿದು ನೋಡಿ. ಲೇಪ ಒಂದು ತುದಿಯಿಂದ ಮುರಿಯಲು ಶುರುವಾಗುತ್ತದೆ, ಯಾವ ತುದಿ ಮೊದಲು ಸೋಲುತ್ತದೋ ಹೇಳಲಾಗದು. ಎರಡೂ ಕಡೆಯಿಂದ ಸರದಿಯಲ್ಲಿ ಪ್ರಯತ್ನಿಸಿ. ಆಗಲೂ ಬರದಿದ್ದರೆ ಮತ್ತೆ ನೀರಿಗೆ, ಇನ್ನೊಂದು ದಿನ. ಹಾಳಾಗುವಂಥದ್ದು ಏನೂ ಇಲ್ಲ.

ಕೈ ಬಿಟ್ಟಾಗ ಕಡ್ಡಿ ಪೂರ್ತಿ ವಾಪಸ್ ಬರದಿದ್ದರೆ, ಸ್ಕ್ರೂನ ಹಾಗೆ ಸಣ್ಣ ಸುಳಿ ಉಳಿದರೆ, ಅಲ್ಲಿಗೆ ನಿಲ್ಲಿಸಿ. ಹಾಗೆ ಸುಳಿ ಬಿದ್ದ ಕಡೆ ಉಕ್ಕು ಸೋತಿದೆ. ಇನ್ನು ನಾಲ್ಕು ಸಲ ಅತ್ತಿತ್ತ ಮಾಡಿದರೆ ಕಡ್ಡಿ ಮಣಿಯ ಬಾಯಲ್ಲೇ ತುಂಡಾಗುತ್ತದೆ, ಒಳಗಿನ ತುಂಡು ತೆಗೆಯಲು ಆಮೇಲೆ ಹಿಡಿಯುವುದಕ್ಕೆ ಏನೂ ಇರುವುದಿಲ್ಲ.

ಲಕ್ಷಣ 4: ಮಣಿ ಕಡ್ಡಿಯ ಸುತ್ತ ಸರಾಗ ತಿರುಗುತ್ತದೆ, ಹೊರಗೆ ಮಾತ್ರ ಬರುವುದಿಲ್ಲ

ಒಳ್ಳೆಯ ಸುದ್ದಿ. ಮಣಿಗೆ ಏನೂ ಆಗಿಲ್ಲ, ದಾರಿಯಲ್ಲಿ ಏನೋ ಅಡ್ಡ ಇದೆ.

ಕಡ್ಡಿಯ ತುದಿಯನ್ನು ಉಗುರಿನಿಂದ ಸವರಿ ನೋಡಿ. ಕಟ್ಟರ್‌ನಲ್ಲಿ ಕತ್ತರಿಸಿದ ಕಡ್ಡಿಯ ತುದಿಯಲ್ಲಿ ಸಣ್ಣ ಮುಳ್ಳು ಎದ್ದಿರುತ್ತದೆ, ಅಥವಾ ತುದಿ ಚಪ್ಪಟೆಯಾಗಿ ಅಗಲವಾಗಿರುತ್ತದೆ. ಸಣ್ಣ ಅರದಿಂದ ಉಜ್ಜಿ ತುದಿಯನ್ನು ದುಂಡಗೆ ಮಾಡಿ, ನೀರು ಹಾಕುತ್ತ. ಕೆಲವೊಮ್ಮೆ ತುದಿಯಲ್ಲಿ ಗಾಜಿನ ಒಂದು ಹನಿ ಕೂತಿರುತ್ತದೆ, ಇಲ್ಲವೇ ಲೇಪ ಅದ್ದಿದಾಗ ಇಳಿದ ಗಡ್ಡೆ ಗಟ್ಟಿಯಾಗಿರುತ್ತದೆ. ಲೇಪದ ಗಡ್ಡೆಯನ್ನು ಒದ್ದೆ ಎಮರಿ ಪೇಪರ್ ತೆಗೆದುಬಿಡುತ್ತದೆ.

ತುದಿ ಸರಿ ಇದ್ದರೆ ಕಡ್ಡಿ ಬಾಗಿದೆಯೇ ನೋಡಿ. ಗಾಜಿನ ಮೇಲೋ ಸಪಾಟು ಮೇಜಿನ ಮೇಲೋ ಉರುಳಿಸಿದರೆ ಸಣ್ಣ ಬಾಗೂ ಕುಣಿದು ತೋರಿಸುತ್ತದೆ. ಮಣಿಯಿಂದ ದೂರದ ಬಾಗನ್ನು ಬೆರಳಲ್ಲೇ ಮೆಲ್ಲಗೆ ನೇರ ಮಾಡಬಹುದು. ಮಣಿಯ ಬಾಯಿಗೆ ತಾಗಿಕೊಂಡೇ ಇರುವ ಬಾಗನ್ನು ಮುಟ್ಟಬೇಡಿ, ನೇರ ಮಾಡುವ ಬಲವೆಲ್ಲ ಗಾಜಿನ ಅಂಚಿನ ಮೇಲೆ ಬೀಳುತ್ತದೆ. ಆ ಕಡೆಯನ್ನು ಬಿಟ್ಟು ಇನ್ನೊಂದು ಕಡೆಯಿಂದ ಜಾರಿಸಿ. ಅಷ್ಟು ಉದ್ದ ಜಾರಿಸಬೇಕಾದರೆ ಆ ಕಡೆಯ ಕಡ್ಡಿಯನ್ನು ಮೊದಲು ಒರೆಸಿ ನಯ ಮಾಡಿಕೊಳ್ಳಿ.

ಕಡ್ಡಿ ಕತ್ತರಿಸಿಯೇ ತೀರಬೇಕು ಅನ್ನುವುದಾದರೆ ಮಣಿಯಿಂದ ಕನಿಷ್ಠ ಎರಡು ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಕಟ್ಟರ್ ಕಚ್ಚಿದಾಗ ಕಡ್ಡಿಯಲ್ಲಿ ಒಂದು ಏಟು ಓಡುತ್ತದೆ, ಅದು ಗಾಜಿಗೆ ಹೋಗಬಾರದು. ತುಂಡು ಹಾರುತ್ತದೆ, ಮೇಲೆ ಬಟ್ಟೆ ಹಾಕಿಕೊಳ್ಳಿ. ಕತ್ತರಿಸಿದ ಮೇಲೆ ಅರ ಹಾಕದೆ ಮಣಿ ಜಾರಿಸಬೇಡಿ. ಮುಳ್ಳು ತೂತಿನ ಒಳಗೋಡೆಯನ್ನು ಗೀರುತ್ತದೆ.

ಲಕ್ಷಣ 5: ಅರ್ಧ ಜಾರಿ ಅಲ್ಲೇ ನಿಂತಿದೆ

ಪುಡಿಯಾದ ಲೇಪವೇ ಬೆಣೆಯಾಗಿ ಸಿಕ್ಕಿಕೊಂಡಿದೆ. ಮುಂದಕ್ಕೆ ಒತ್ತಿದಷ್ಟೂ ಬಿಗಿಯಾಗುತ್ತದೆ. ಮಣಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತಳ್ಳಿ, ನೀರಲ್ಲಿ ಅದ್ದಿ ಅಲ್ಲಾಡಿಸಿ, ಮುಂದಿನ ದಾರಿಯ ಕಡ್ಡಿಯನ್ನು ಒದ್ದೆ ಸ್ಟೀಲ್ ವೂಲ್‌ನಿಂದ ಹೊಳೆಯುವ ತನಕ ಉಜ್ಜಿ. ಮತ್ತೆ ತಿರುಗಿಸುತ್ತ ತನ್ನಿ. ಎರಡು ಮೂರು ಸಲ ಹೀಗೆ ಹಿಂದೆ ಮುಂದೆ ಆದರೆ ಸಾಮಾನ್ಯವಾಗಿ ಬಂದುಬಿಡುತ್ತದೆ.

ಲಕ್ಷಣ 6: ಗಾಜಿನೊಳಗೆ ಹೊಳೆಯುವ ಪಟ್ಟೆ ಕಾಣುತ್ತದೆ, ಅಥವಾ ಅಂಚಿನ ಗಾಜು ಲೇಪ ದಾಟಿ ಬಂದಿದೆ

ನಿಜವಾದ ಅಂಟು ಇದು. ಪಾರದರ್ಶಕ ಮಣಿಯಾದರೆ ನೀರಲ್ಲಿ ಮುಳುಗಿಸಿ, ಬೆಳಕಿಗೆ ಹಿಡಿದು ತೂತಿನ ಗೋಡೆ ನೋಡಿ. ಲೇಪ ಸರಿ ಇದ್ದ ಕಡೆ ಎಲ್ಲೆಡೆ ಒಂದೇ ಥರ ಮಂಕು ಬೂದು ಅಥವಾ ಬಿಳಿ ಕಾಣುತ್ತದೆ. ಅದರ ನಡುವೆ ಕನ್ನಡಿಯಂತೆ ಹೊಳೆಯುವ ಚುಕ್ಕೆಯೋ ಕಪ್ಪು ಗೆರೆಯೋ ಇದ್ದರೆ ಅಲ್ಲಿ ಲೇಪ ಎದ್ದುಹೋಗಿ ಗಾಜು ನೇರ ಉಕ್ಕಿಗೆ ತಾಗಿದೆ. ಬೆಳಕು ಹಾಯದ ಮಣಿಯಲ್ಲಿ ಇದು ಕಾಣುವುದಿಲ್ಲ, ಅಲ್ವಾ? ಆಗ ಅಂಚು ನೋಡಿ. ಮಣಿಯ ಬಾಯಿಯ ಸುತ್ತ ಲೇಪದ ಉಂಗುರ ಪೂರ್ತಿ ಇರಬೇಕು. ಒಂದು ಕಡೆ ಗಾಜು ಆ ಉಂಗುರ ಹತ್ತಿ ಬರಿ ಉಕ್ಕಿನ ಮೇಲೆ ಕೂತಿದ್ದರೆ ಅಪರಾಧಿ ಸಿಕ್ಕಿಬಿದ್ದ.

ಅಂಚಿನ ಅಂಟು ಸುಲಭ. ಸಣ್ಣ ಡೈಮಂಡ್ ಅರವನ್ನು ನೀರಿನ ಬಟ್ಟಲಲ್ಲೇ ಇಟ್ಟುಕೊಂಡು, ಉಕ್ಕಿನ ಮೇಲೆ ಹತ್ತಿದ ಆ ಗಾಜಿನ ನಾಲಿಗೆಯನ್ನು ಮಾತ್ರ ಸವೆಸಿ. ನಿಧಾನದ ಕೆಲಸ, ಆದರೆ ಮಣಿ ಉಳಿಯುತ್ತದೆ. ಗಾಜನ್ನು ಯಾವತ್ತೂ ಒಣಗಿದ್ದಾಗ ಉಜ್ಜಬೇಡಿ.

ಒಳಗಿನ ಅಂಟು ಚುಕ್ಕೆಯಷ್ಟೇ ಇದ್ದರೆ ಆಸೆ ಇದೆ. ದಿನಗಟ್ಟಲೆ ನೆನೆಸಿ, ಲಕ್ಷಣ 2ರ ಹಿಡಿತದಲ್ಲಿ ಮೆಲ್ಲಗೆ ಅತ್ತಿತ್ತ ತಿರುಗಿಸಿ. ತುಕ್ಕು ಬಿಡಿಸುವ ತೆಳು ಎಣ್ಣೆಯನ್ನು ಕೊನೆಗೆ ಪ್ರಯತ್ನಿಸಬಹುದು. ಎಣ್ಣೆ ಹಾಕುವ ಮೊದಲು ನೀರು ಒಣಗಿರಬೇಕು, ಹಾಕಿದ ಮೇಲೆ ಮಣಿಯನ್ನು ಸೋಪಿನಲ್ಲಿ ಚೆನ್ನಾಗಿ ತೊಳೆಯಬೇಕು, ಆ ಮಣಿಯನ್ನು ಎಣ್ಣೆ ಸಮೇತ ಟಾರ್ಚ್ ಹತ್ತಿರ ತರಬಾರದು. ಬಿಟ್ಟು ಬಂದರೂ ತೂತಿನೊಳಗೆ ಸಣ್ಣ ಗುಳಿ ಉಳಿಯಬಹುದು. ಅದರ ಅಂಚು ಚೂಪಾಗಿರುತ್ತದೆ, ದಾರ ಕತ್ತರಿಸುತ್ತದೆ. ಡೈಮಂಡ್ ರೀಮರ್‌ನಿಂದ (ತೂತಿನೊಳಗೆ ಉಜ್ಜುವ ಸಣ್ಣ ಅರದಿಂದ) ನೀರಲ್ಲಿ ನಯ ಮಾಡಿ.

ಫ್ರೀಜರ್ ಬಗ್ಗೆ ಎಲ್ಲರೂ ಹೇಳುತ್ತಾರೆ. ಉಕ್ಕು ಜಾಸ್ತಿ ಕುಗ್ಗುತ್ತದೆ ಎಂಬ ತರ್ಕ ಸರಿ. ಆದರೆ ಕೋಣೆಯಿಂದ ಫ್ರೀಜರ್‌ಗೆ 45 ಡಿಗ್ರಿ ಇಳಿದರೆ 1.6 ಮಿಲಿಮೀಟರ್ ಕಡ್ಡಿಯಲ್ಲಿ ಸಿಗುವ ಹೆಚ್ಚುವರಿ ಸಂದು 0.0005 ಮಿಲಿಮೀಟರ್. ಕಿಲ್ನ್ ಕೊಟ್ಟದ್ದರ ಹತ್ತನೇ ಒಂದು ಪಾಲು. ಸಣ್ಣ, ಚೆನ್ನಾಗಿ ಅನೀಲ್ ಆದ, ಬಿರುಕಿಲ್ಲದ ಮಣಿಗೆ ಒಮ್ಮೆ ಮಾಡಿ ನೋಡುವುದರಲ್ಲಿ ತಪ್ಪಿಲ್ಲ. ಫ್ರೀಜರ್‌ನಿಂದ ತೆಗೆದ ಮಣಿಯನ್ನು ಬಿಸಿನೀರಿಗೆ ಮಾತ್ರ ಹಾಕಬೇಡಿ. ಪೊಳ್ಳು ಮಣಿಯನ್ನು ಫ್ರೀಜರ್‌ನಲ್ಲಿ ಇಡಲೇಬೇಡಿ. ಒಳಗೆ ಉಳಿದ ನೀರು ಮಂಜುಗಡ್ಡೆಯಾಗುವಾಗ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ, ಗೋಡೆ ತೆಳು ಇದ್ದರೆ ತಡೆಯುವುದಿಲ್ಲ.

ಉದ್ದಕ್ಕೂ ಪಟ್ಟೆ ಹೊಳೆಯುತ್ತಿದ್ದರೆ? ನಾನಾದರೆ ಬಿಟ್ಟುಬಿಡುತ್ತೇನೆ. ಕಡ್ಡಿ ಸಮೇತ ಕಿಟಕಿಯ ಹತ್ತಿರ ಒಂದು ಲೋಟದಲ್ಲಿ ಅಂಥವು ನಾಲ್ಕೈದು ನಿಂತಿವೆ, ಬೆಳಕಿಗೆ ಚೆಂದ ಕಾಣುತ್ತವೆ. ಅವುಗಳಲ್ಲಿ ಒಂದು ತಿಂಗಳಾದಮೇಲೆ ತಾನಾಗಿಯೇ ಬಿರುಕು ಬಿಟ್ಟಿತು, ಹಾಗಾಗಿ ಯಾರಿಗೂ ಕೊಡುವುದಿಲ್ಲ.

ಲಕ್ಷಣ 7: ತೂತಿನಿಂದ ಹೊರಟ ಬಿರುಕು

ನಿಲ್ಲಿಸಿ. ಗಾಜು ಉಕ್ಕಿಗೆ ಅಂಟಿಕೊಂಡಿರುವಾಗ ತಣಿದರೆ ಉಕ್ಕು ಒಳಕ್ಕೆ ಎಳೆಯುತ್ತದೆ, ಗಾಜು ಬರಲಾಗದೆ ಸೀಳುತ್ತದೆ. ಆ ಬಿರುಕು ಕಡ್ಡಿಯಿಂದ ಹೊರಗೆ ಹಬ್ಬಿರುತ್ತದೆ. ಉಗುರಿಗೆ ತಾಗದಿದ್ದರೂ ಬೆಳಕಲ್ಲಿ ಬೆಳ್ಳಿ ಹಾಳೆಯಂತೆ ಮಿಂಚುತ್ತದೆ. ಅಂಥ ಮಣಿಗೆ ಬಲ ಹಾಕಿದರೆ ಕೈಯಲ್ಲೇ ಚೂರು. ಬೇಕಾದದ್ದು ಕಡ್ಡಿ ಮಾತ್ರ ಅಂದರೆ ದಪ್ಪ ಬಟ್ಟೆಯಲ್ಲಿ ಪೂರ್ತಿ ಸುತ್ತಿ, ಕನ್ನಡಕ ಹಾಕಿಕೊಂಡು, ಬಟ್ಟೆಯ ಮೇಲಿಂದ ಪ್ಲೈಯರ್‌ನಲ್ಲಿ ಒಡೆಯಿರಿ. ಬಟ್ಟೆಯನ್ನು ಕೊಡವಬೇಡಿ, ಮಡಚಿ ಎಸೆಯಿರಿ.

ಚೂರು ಕಣ್ಣಿಗೆ ಬಿದ್ದರೆ ಉಜ್ಜಬಾರದು. ಶುದ್ಧ ನೀರು ಹರಿಸಿ, ನೇರ ಕಣ್ಣಿನ ವೈದ್ಯರ ಹತ್ತಿರ. ಕೈ ಆಳವಾಗಿ ಕುಯ್ದು ರಕ್ತ ನಿಲ್ಲದಿದ್ದರೆ, ಬೆರಳು ಜೋಮು ಹಿಡಿದರೆ, ಅಥವಾ ಗಾಯದೊಳಗೆ ಚೂರು ಉಳಿದಿದೆ ಅನಿಸಿದರೆ ಮನೆಯಲ್ಲಿ ಕೆದಕುತ್ತ ಕೂರಬೇಡಿ.

ಆಕಾರದಿಂದಲೇ ತೊಂದರೆ ಕೊಡುವ ಮಣಿಗಳು

ಉದ್ದ ಕೊಳವೆ ಮಣಿಯಲ್ಲಿ ಲೇಪ ಹಿಡಿದ ಜಾಗವೇ ಜಾಸ್ತಿ. ಎರಡು ದಿನ ನೆನೆಸಿ. ತಟ್ಟೆಯಂತೆ ಅಗಲ, ತೆಳು ಮಣಿಯನ್ನು ಅಂಚಲ್ಲಿ ಹಿಡಿದು ತಿರುಗಿಸಿದರೆ ಅಂಚೇ ಮುರಿದು ಕೈಗೆ ಬರುತ್ತದೆ. ತೂತಿನ ಹತ್ತಿರದ ದಪ್ಪ ಭಾಗವನ್ನು ರಬ್ಬರ್‌ನಲ್ಲಿ ಹಿಡಿಯಬೇಕು. ರೆಕ್ಕೆ, ಕಿವಿ, ಹೂದಳ ಇರುವ ಮಣಿಗೂ ಇದೇ ಮಾತು.

ಪೊಳ್ಳು ಮಣಿಯನ್ನು ನೆನೆಸಿದರೆ ಲೇಪದ ಮೂಲಕ ಒಳಗೆ ನೀರು ಸೇರುತ್ತದೆ. ಬಿಡಿಸಿದ ಮೇಲೆ ಹೊರಬರುತ್ತದೆ, ಚಿಂತೆ ಬೇಡ. ಆದರೆ ನಡುವೆ ಮನಸ್ಸು ಬದಲಾಯಿಸಿ ಮತ್ತೆ ಕಿಲ್ನ್‌ಗೆ ಇಡುವುದಾದರೆ ದಿನಗಟ್ಟಲೆ ಒಣಗಿಸಿ. ಒಳಗಿನ ನೀರು ಹಬೆಯಾದರೆ ಮಣಿ ಸಿಡಿಯುತ್ತದೆ.

ಮಾಡಬಾರದ ಉಪಾಯಗಳು

ಟಾರ್ಚ್‌ನಲ್ಲಿ ಕಡ್ಡಿ ಕಾಯಿಸುವುದು. ಕಾದ ಉಕ್ಕು ಗಾಜಿಗಿಂತ ಜಾಸ್ತಿ ಹಿಗ್ಗಿ ಮಣಿಯನ್ನು ಒಳಗಿನಿಂದಲೇ ಸೀಳುತ್ತದೆ. ಸುತ್ತಿಗೆಯಿಂದ ಕಡ್ಡಿಯ ತುದಿಗೆ ತಟ್ಟುವುದು. ತೆಳು ಕಡ್ಡಿ ಬಾಗುತ್ತದೆಯೇ ಹೊರತು ಜಾರುವುದಿಲ್ಲ. ಕಡ್ಡಿಯನ್ನು ಡ್ರಿಲ್‌ಗೆ ಸಿಕ್ಕಿಸಿ ತಿರುಗಿಸುವುದು. ದಪ್ಪ ಕಡ್ಡಿಗೆ ಕೆಲವರು ಮಾಡುತ್ತಾರೆ. ತೆಳು ಕಡ್ಡಿ ಬಾಗಿದ ಕ್ಷಣ ಚಾಟಿಯಾಗುತ್ತದೆ, ಮಣಿ ಹಿಡಿದ ಬೆರಳು ಅಲ್ಲೇ ಇರುತ್ತದೆ. ಆ್ಯಸಿಡ್ ಹಾಕಿ ಕಡ್ಡಿಯನ್ನೇ ಕರಗಿಸುವ ಯೋಚನೆಯನ್ನೂ ಬಿಡಿ. ಒಂದು ಮಣಿಗಾಗಿ ಮನೆಯಲ್ಲಿ ಮಾಡುವ ಕೆಲಸ ಅದಲ್ಲ.

ಅಲ್ಟ್ರಾಸೋನಿಕ್ ಕ್ಲೀನರ್ ಇದ್ದವರು ಕೆಲವು ನಿಮಿಷ ಹಾಕಿ ನೋಡಬಹುದು, ಲೇಪ ಬೇಗ ಸಡಿಲವಾಗುತ್ತದೆ. ಬಿರುಕಿನ ಅನುಮಾನ ಇರುವ ಮಣಿಗೆ ಬೇಡ.

ಎರಡು ಸಲ ನೆನೆಸಿ, ಹಿಡಿತ ಸರಿ ಮಾಡಿ, ಚುಕ್ಕೆ ಪರೀಕ್ಷೆಯೂ ಮಾಡಿ ಆಗಿಲ್ಲವೆಂದರೆ, ಮಣಿ ಬೇರೆಯವರದ್ದೋ ಮತ್ತೆ ಮಾಡಲಾಗದ್ದೋ ಆಗಿದ್ದರೆ, ಗಟ್ಟಿ ವೈಸ್ ಮತ್ತು ಡೈಮಂಡ್ ಉಪಕರಣ ಇರುವ ಅನುಭವಿ ಮಣಿಗಾರರ ಹತ್ತಿರ ಒಯ್ಯಿರಿ. ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದರೆ ಲೇಪ ಮೆತ್ತಗೇ ಇರುತ್ತದೆ.

ಒಂದಲ್ಲ, ಸಾಲಾಗಿ ಎಲ್ಲ ಮಣಿಯೂ ಸಿಕ್ಕಿಕೊಳ್ಳುತ್ತಿದೆ

ಆಗ ಮಣಿಯನ್ನು ಬಿಟ್ಟು ಲೇಪ ಮತ್ತು ಕಡ್ಡಿಯನ್ನು ವಿಚಾರಿಸಿ.

ಲೇಪದ ಡಬ್ಬಿಯ ತಳದಲ್ಲಿ ಗಟ್ಟಿ ಪದರ ಕೂತಿದ್ದರೆ ಮೇಲಿನದು ಬರೀ ನೀರು. ತಳದಿಂದ ಕಲಕಿ. ಹದ ಗಟ್ಟಿ ಬಣ್ಣದಷ್ಟಿರಲಿ. ಅದ್ದಿ ಎತ್ತಿದಾಗ ಕಡ್ಡಿಯ ಬಣ್ಣ ಎಲ್ಲೂ ಇಣುಕಬಾರದು. ಹಾಗಂತ ದಪ್ಪ ಪದರವೂ ಒಳ್ಳೆಯದಲ್ಲ, ಒಣಗುವಾಗ ಬಿರುಕು ಬಿಟ್ಟು ಚಕ್ಕೆಯಾಗಿ ಏಳುತ್ತದೆ, ಆ ಸಂದಿನಲ್ಲೇ ಗಾಜು ಉಕ್ಕಿಗೆ ಇಳಿಯುತ್ತದೆ.

ಕಡ್ಡಿಗೆ ಕೈಯ ಜಿಡ್ಡು ಇದ್ದರೆ ಲೇಪ ನಿಲ್ಲುವುದಿಲ್ಲ. ಅದ್ದುವ ಮೊದಲು ಎಮರಿ ಪೇಪರ್‌ನಿಂದ ಉಜ್ಜಿ, ತೊಳೆದು, ಒಣಗಿಸಿ. ಮಣಿ ಕೂರುವ ಜಾಗದ ಎರಡೂ ಬದಿಗೆ ಒಂದೊಂದು ಸೆಂಟಿಮೀಟರ್ ಜಾಸ್ತಿಯೇ ಲೇಪ ಇರಲಿ. ಕೆಲಸ ಮಾಡುವಾಗ ಲೇಪ ಕಳಚಿ ಮಣಿ ಕಡ್ಡಿಯ ಮೇಲೆ ಲೊಟಲೊಟ ಅಂದರೆ ಅದನ್ನು ಹೇಗೋ ಮುಗಿಸಿಬಿಡೋಣ ಅಂತ ಮುಂದುವರಿಸಬೇಡಿ. ಮತ್ತೆ ಕಾದ ಗಾಜು ಬರಿ ಉಕ್ಕಿಗೆ ಅಂಟುವುದು ಅಲ್ಲೇ.

ಕಡ್ಡಿ ಯಾವ ಉಕ್ಕಿನದು ಅನ್ನುವುದೂ ಮುಖ್ಯ. 304, 316 ಬಗೆಯ ಸ್ಟೇನ್‌ಲೆಸ್ ಮೆದು ಗಾಜಿಗಿಂತ ಸಾಕಷ್ಟು ಜಾಸ್ತಿ ಕುಗ್ಗುತ್ತದೆ. 430 ಬಗೆಯದು ಹೆಚ್ಚುಕಡಿಮೆ ಗಾಜಿನಷ್ಟೇ ಕುಗ್ಗುತ್ತದೆ, ಆ ಇನ್ನೂರರಲ್ಲಿ ಒಂದು ಪಾಲಿನ ಸಂದು ಸಿಗುವುದೇ ಇಲ್ಲ. ಪತ್ತೆ ಸುಲಭ: 430ಕ್ಕೆ ಆಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟಿದರೂ ಬರೀ ನೆಪಕ್ಕೆ. ಎಲ್ಲಿಂದಲೋ ಬಂದ ಒಂದು ಕಟ್ಟು ತೆಳು ಕಡ್ಡಿಯಲ್ಲಿ ನಾನು ತಿಂಗಳುಗಟ್ಟಲೆ ಲೇಪವನ್ನೇ ಬೈದುಕೊಂಡಿದ್ದೆ. ಕೊನೆಗೆ ಒಂದು ದಿನ ಮೇಜಿನ ಮೇಲಿದ್ದ ಆಯಸ್ಕಾಂತ ಆ ಕಟ್ಟನ್ನು ಪೂರ್ತಿ ಎತ್ತಿಕೊಂಡು ಬಂತು.